ಕುಡಿತ ಬಿಡಿಸೋದು ಮೊದಲಾ, ಒಳಗಿನ ಗಾಯಕ್ಕೆ ಮದ್ದು ಮೊದಲಾ?

ತುಂಗೆತೀರ (ಹರಿಹರ):
ಹೊಡೆತ, ದೌರ್ಜನ್ಯ ಕಂಡ ಹೆಣ್ಮಕ್ಕಳು ನಿದ್ದೆ ಬರಲಿ ಅಂತ ಕುಡಿಯೋದು ಆಪ್ತಸಮಾಲೋಚನೆಯಲ್ಲಿ ಮತ್ತೆ ಮತ್ತೆ ಕಾಣುತ್ತೆ. "ಆರು ತಿಂಗಳು ಬಿಟ್ಟು ತೋರಿಸಲಿ, ಹಳೇದನ್ನ ಆಮೇಲೆ ಮಾತಾಡೋಣ" ಅನ್ನೋ ಕ್ರಮ ಸರಿನಾ? ಬಿಟ್ಟ ವಾರಕ್ಕೇ ಕೆಟ್ಟ ಕನಸು ಜೋರಾಗಿ ಮತ್ತೆ ಪ್ಯಾಕೆಟ್ ಹಿಡೀತಾರೆ. ಮನೆಯವರು ಅವಳಿಗೆ ಹೇಳದೆ ಸಾರಲ್ಲಿ ಕುಡಿತ ಬಿಡಿಸೋ ಪುಡಿ ಬೆರೆಸ್ತೀವಿ ಅಂತಾರೆ.

ಕೋಟೆಬಾಗಿಲು (ಚಿತ್ರದುರ್ಗ):
ಹಳೇ ಕ್ರಮ ಅದು. ಎರಡೂ ಒಟ್ಟಿಗೇ ನಡೀಬೇಕು, ಮೊದಲ ವಾರ ಮಾತ್ರ ದೇಹ ಸುಧಾರಿಸೋಕೆ. ಲೆಕ್ಕ ಹಾಕಿ: 180 ಎಂ.ಎಲ್. ಕ್ವಾರ್ಟರ್ ವಿಸ್ಕಿಯಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 60 ಗ್ರಾಂ. ದಿನಾ ಅಷ್ಟು ಕುಡಿಯೋರು ಒಮ್ಮೆಲೇ ನಿಲ್ಲಿಸಿದ್ರೆ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು. 48 ಗಂಟೆಯೊಳಗೆ ಫಿಟ್ಸ್ ಬರಬಹುದು. 2ರಿಂದ 4ನೇ ದಿನ ಇಲ್ಲದ್ದೆಲ್ಲ ಕಾಣೋ ಸನ್ನಿ. ಹಿಂದೆ ಫಿಟ್ಸ್ ಬಂದಿದ್ರೆ ಮನೇಲಿ ಬಿಡಿಸೋ ಸಾಹಸ ಬೇಡ, ದಾವಣಗೆರೆಯವರಾದ್ರೆ ಚಿಗಟೇರಿ ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗಿ. ಸುಸ್ತು ಅಂತ ಬರೀ ಗ್ಲೂಕೋಸ್ ಹಾಕಿಸ್ಬಾರದು, ಮೊದಲು ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್. ಇಲ್ದಿದ್ರೆ ಮೆದುಳಿಗೇ ಪೆಟ್ಟು. ನಡುಕಕ್ಕೆ ಕೊಡೋ ಲೋರಾಜೆಪಾಮನ್ನ ವಾರದಲ್ಲಿ ಇಳಿಸ್ತಾ ನಿಲ್ಲಿಸಬೇಕು. ನಿದ್ದೆಗೆ ಅಂತ ಅದನ್ನೇ ಮುಂದುವರಿಸಿದ್ರೆ ಬಾಟಲಿ ಹೋಗಿ ಮಾತ್ರೆ ಬಂತು ಅಷ್ಟೇ.

ಬೆಣ್ಣೆಊರು (ದಾವಣಗೆರೆ):
ಪುಡಿ ಖಂಡಿತ ಬೇಡ. ಅದು ಡೈಸಲ್ಫಿರಾಮ್ ಆಗಿದ್ರೆ, ಮೇಲೆ ಕುಡಿದಾಗ ವಾಂತಿ, ಎದೆಬಡಿತ, ಬಿ.ಪಿ. ಕುಸಿತ, ಜೀವಕ್ಕೇ ಬರಬಹುದು. ಪುಡಿ ನಿಲ್ಲಿಸಿದ ಮೇಲೂ 2 ವಾರ ಅಪಾಯ ಇರುತ್ತೆ. ಇನ್ನೊಂದು: ತನ್ನ ಮೈಮೇಲೆ ತನ್ನನ್ನ ಕೇಳದೆ ಯಾರೋ ಏನೋ ಮಾಡಿದ್ರು ಅನ್ನೋದೇ ಅವಳ ಗಾಯ. ಪುಡಿ ಬೆರೆಸೋದು ಅದನ್ನೇ ಮತ್ತೊಮ್ಮೆ ಮಾಡಿದಂಗೆ. ಅವಳು ಒಪ್ಪಿದ್ರೆ ವೈದ್ಯರು ಕುಡಿಯೋ ಚಪಲ ತಗ್ಗಿಸೋ ನಾಲ್ಟ್ರೆಕ್ಸೋನ್ ಮಾತ್ರೆ 50 ಮಿ.ಗ್ರಾಂ. ದಿನಕ್ಕೊಂದು ಬರೀತಾರೆ; ಅದಕ್ಕೆ ಮುಂಚೆ ಲಿವರ್ ಪರೀಕ್ಷೆ ಆಗಬೇಕು, ಬಸಿರಿದೆಯಾ ನೋಡಬೇಕು. ಟ್ರಮಡಾಲ್ ಅನ್ನೋ ನೋವಿನ ಮಾತ್ರೆ ನುಂಗ್ತಿದ್ರೆ ಕೊಡೋ ಹಾಗಿಲ್ಲ.

ತುಂಗೆತೀರ:
ಮಾತುಕತೆ ಎಲ್ಲಿಂದ ಶುರು ಮಾಡ್ಲಿ?

ಕೋಟೆಬಾಗಿಲು:
ಗಂಡ, ಅತ್ತೆ ಹೊರಗೆ ಕೂರಲಿ. "ಆವತ್ತು ಏನಾಯ್ತು" ಅಂತ ಮೊದಲೇ ಕೆದಕಬೇಡಿ. ಇವತ್ತಿನ ರಾತ್ರಿ ಕಳೆಯೋದು ಹೇಳಿಕೊಡಿ. ಕನಸಿಂದ ಎದ್ದಾಗ ಲೈಟ್ ಹಾಕಿ, ಪಾದ ನೆಲಕ್ಕೆ ಒತ್ತಿ, ಕಣ್ಣಿಗೆ ಬಿದ್ದ ಐದು ವಸ್ತುಗಳ ಹೆಸರು ಗಟ್ಟಿಯಾಗಿ ಹೇಳೋದು. "ಕಣ್ಮುಚ್ಚಿ ಉಸಿರಾಡಿ" ಅನ್ನಬೇಡಿ, ಕಣ್ಮುಚ್ಚಿದ್ರೆ ಕೆಲವರಿಗೆ ಹಳೇದೇ ಎದುರು ಬಂದು ನಿಲ್ಲುತ್ತೆ. ಕುಡಿದ ಹೊತ್ತು, ಎಷ್ಟು, ಅದಕ್ಕೆ ಮುಂಚೆ ಏನಾಗಿತ್ತು ಬರೆದಿಡಿ. ಆ ಚೀಟಿ ನಿಮ್ಮ ಹತ್ರಾನೇ ಇರಲಿ, ಮನೇಲಿ ಸಿಕ್ಕಿದ್ರೆ ಇನ್ನೊಂದು ಏಟು. ನೆನಪುಗಳ ಚಿಕಿತ್ಸೆ ತರಬೇತಿ ಆದವರ ಕೆಲಸ. ಕೋಪ್ (COPE) ಅನ್ನೋ, ಒಳಗಿನ ಗಾಯ, ಕುಡಿತ ಎರಡಕ್ಕೂ ಒಟ್ಟಿಗೇ ಮದ್ದು ಮಾಡೋ ಪದ್ಧತಿಯಲ್ಲಿ 90 ನಿಮಿಷದ 12 ಭೇಟಿ. ಕುಡಿತ ಪೂರ್ತಿ ನಿಲ್ಲಲಿ ಅಂತ ಕಾಯಲ್ಲ.

ಬೆಣ್ಣೆಊರು:
ಹೊಡೆಯೋನು ಅದೇ ಮನೇಲಿದ್ರೆ ಮಾತ್ರೆ, ಮಾತು ಎರಡೂ ನಾಟಲ್ಲ. ದೌರ್ಜನ್ಯಕ್ಕೆ ಸಿಕ್ಕ ಹೆಣ್ಮಕ್ಕಳಿಗೆ ನೆರವಾಗೋ ಸಖಿ ಕೇಂದ್ರಕ್ಕೆ ಕಳಿಸಿ, ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ರಾತ್ರಿ ಹೊತ್ತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಮಧ್ಯೆ ಒಮ್ಮೆ ಕುಡಿದು ಬಂದ್ಲು ಅಂತ ಹೆಸರು ಹೊಡೆದು ಹಾಕಬೇಡಿ, ಮೇಡಂ. ಆ ಚೀಟಿ ತೆಗೆದು ಹಿಂದಿನ ದಿನ ಏನಾಗಿತ್ತು ನೋಡಿ.