ಯುಗಾದಿಗೆ ಊರೆಲ್ಲ ಒಂದು ಕಡೆ ಕೂರುವುದು ನಿಂತುಹೋಗಿದೆ, ನಿಮ್ಮೂರಲ್ಲಿ ಹೇಗೆ?

ನಾಲೆ ಬದಿಯವ:

ನಮ್ಮದು ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹೋಬಳಿ ಊರು. ಬಸ್ ಸ್ಟ್ಯಾಂಡು, ಎರಡು ಬ್ಯಾಂಕು, ವಾರಕ್ಕೊಂದು ಸಂತೆ, ಅಷ್ಟೇ. ಈ ಸಲ ಯುಗಾದಿ 2026ರ ಮಾರ್ಚ್ 19, ಗುರುವಾರ. ವಿಶ್ವಾವಸು ಮುಗಿದು ಪರಾಭವ ಸಂವತ್ಸರ ಶುರುವಾಗುತ್ತೆ. ಹಬ್ಬಕ್ಕೆ ಇನ್ನೂ ಮೂರು ವಾರ ಇದೆ, ಅದಕ್ಕೇ ಈಗಲೇ ಕೇಳುತ್ತಿದ್ದೇನೆ.

ನಾನು ಚಿಕ್ಕವನಿದ್ದಾಗ ಹಬ್ಬದ ಸಂಜೆ ದೇವಸ್ಥಾನದ ಕಟ್ಟೆ ಮೇಲೆ ಜೋಯಿಸರು ಪಂಚಾಂಗ ಓದುತ್ತಿದ್ದರು. ವರ್ಷದ ರಾಜ ಯಾರು, ಮಂತ್ರಿ ಯಾರು, ಮಳೆ ಎಷ್ಟು ಕೊಳಗ, ಯಾವ ರಾಶಿಗೆ ಆದಾಯ ಎಷ್ಟು, ವ್ಯಯ ಎಷ್ಟು. ಭರಣಿ ಮಳೆ ಹೆಸರು ಬಂದ ಕೂಡಲೇ ಯಾರಾದರೂ ಒಬ್ಬರು "ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ" ಅಂತ ಹೇಳಲೇಬೇಕು. ಫಲ ನಿಜವಾಗುತ್ತಿತ್ತೋ ಇಲ್ಲವೋ, ಅದು ಬೇರೆ ಮಾತು. ಓದಿ ಮುಗಿದ ಮೇಲೂ ಯಾರೂ ಎದ್ದು ಹೋಗುತ್ತಿರಲಿಲ್ಲ. ಊರೆಲ್ಲ ಅಲ್ಲೇ ಕೂತಿರುತ್ತಿತ್ತು. ಕೆರೆ ತೂಬಿನ ರಿಪೇರಿ, ಬದುವಿನ ಜಗಳ, ಯಾರ ಮನೆ ಹುಡುಗನಿಗೆ ಕಾಲೇಜಿಗೆ ಕಟ್ಟೋಕೆ ದುಡ್ಡಿಲ್ಲ, ಎಲ್ಲ ಅಲ್ಲಿಗೇ ಬರುತ್ತಿತ್ತು.

ನಮ್ಮಪ್ಪನಿಗೂ ದೊಡ್ಡಪ್ಪನಿಗೂ ಬಾವಿ ಪಾಲಿನ ವಿಷಯಕ್ಕೆ ನಾಲ್ಕು ವರ್ಷ ಮಾತಿರಲಿಲ್ಲ. ಒಂದು ಯುಗಾದಿಗೆ ಪಕ್ಕದ ಮನೆ ಅಜ್ಜಿ ಬೇವುಬೆಲ್ಲದ ತಟ್ಟೆ ತಂದು ಇಬ್ಬರ ನಡುವೆ ಇಟ್ಟು, "ಯಾರಾದ್ರೂ ಮೊದ್ಲು ತಗೊಳ್ರಪ್ಪ, ಅಲ್ಲಿವರೆಗೂ ನಾನು ನಿಂತೇ ಇರ್ತೀನಿ" ಅಂದರು. ಅವರಿಗೆ ಮಂಡಿ ನೋವು, ಹೆಚ್ಚು ಹೊತ್ತು ನಿಲ್ಲೋಕಾಗಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ದೊಡ್ಡಪ್ಪ ಕೈ ಹಾಕಿದರು. ತಟ್ಟೆ ಅಂಚಿಗೆ ಬೆಲ್ಲದ ಜೊತೆ ಅಂಟಿಕೊಂಡಿದ್ದ ಬೇವಿನ ಹೂ ಈಗಲೂ ಕಣ್ಣ ಮುಂದಿದೆ.

ಈಗ ಜೋಯಿಸರು ಇಲ್ಲ. ರಾಶಿಫಲ ಬೆಳಿಗ್ಗೆ ಟಿವಿಯಲ್ಲೇ ಬರುತ್ತೆ. ಬೆಂಗಳೂರಿನಲ್ಲಿರುವವರು ರಾತ್ರಿ ಹನ್ನೊಂದಕ್ಕೆ ಬಂದಿಳಿದು, ಒಬ್ಬಟ್ಟು ತಿಂದು, ಮರುದಿನದ ಹೊಸತೊಡಕಿನ ಬಾಡೂಟ ಮುಗಿಸಿ ಹೊರಟುಬಿಡುತ್ತಾರೆ. ಸಂಜೆ ಕಟ್ಟೆ ಮೇಲೆ ಆರೇಳು ಜನ, ಆಚೆ ತೋಟದಲ್ಲಿ ಇಸ್ಪೀಟಿಗೆ ಕೂತವರು ಅರವತ್ತು. ಹೋದ ವರ್ಷ ಅಲ್ಲೇ ಒಬ್ಬ ಹುಡುಗ ಟ್ರ್ಯಾಕ್ಟರ್ ಕಂತಿಗೆ ಇಟ್ಟಿದ್ದ ದುಡ್ಡನ್ನೆಲ್ಲ ಕಳೆದುಕೊಂಡ. ಅವನ ಮುಖ ನೋಡಿದಾಗಿನಿಂದ ನನಗೆ ಸಮಾಧಾನ ಇಲ್ಲ. ಮತ್ತೆ ಎಲ್ಲರೂ ಕೂರುವ ಹಾಗೆ ಮಾಡಬೇಕು ಅಂತ ನಾವು ನಾಲ್ಕು ಜನ ಓಡಾಡುತ್ತಿದ್ದೇವೆ. ಎಲ್ಲಿಂದ ಶುರು ಮಾಡೋದು?

ಮಳವಳ್ಳಿ ಸೀಮೆ:

ಅಣ್ಣ, ಒಂದು ಮಾತು. ಶಾಮಿಯಾನ, ಮೈಕು, ಸನ್ಮಾನ ಅಂತ ಹೋಗಬೇಡಿ. ನಾವು ಎರಡು ವರ್ಷ ಮಾಡಿ ಕೈ ಸುಟ್ಟುಕೊಂಡೆವು. ಮಾತಾಡುವವರು ಮೇಲೆ, ಕೇಳುವವರು ಕೆಳಗೆ, ಅರ್ಧ ಗಂಟೆಗೆ ಕುರ್ಚಿ ಖಾಲಿ.

ನಮ್ಮೂರಲ್ಲಿ ಜನ ಕರೆಯದೇ ಬರುವುದು ಹೊಸತೊಡಕಿನ ಗುಡ್ಡೆ ಮಾಂಸಕ್ಕೆ. ಇಪ್ಪತ್ತು ಮನೆಯವರು ವರ್ಷವಿಡೀ ಚೀಟಿ ಕಟ್ಟಿ, ಸಂತೆಯಲ್ಲಿ ಕುರಿ ತಂದು, ಬೆಳಗಿನ ಜಾವ ನಾಲ್ಕಕ್ಕೇ ಶುರು. ಬಾಳೆ ಎಲೆ ಹಾಸಿ ಇಪ್ಪತ್ತು ಗುಡ್ಡೆ ಹಾಕುತ್ತಾರೆ. ತಕ್ಕಡಿ ಇಲ್ಲ, ಕಣ್ಣಳತೆ. ಪ್ರತಿ ಗುಡ್ಡೆಗೂ ಒಂದು ತುಂಡು ಈಲಿ (ಲಿವರ್) ಬರಲೇಬೇಕು, ಮೂಳೆ ಒಂದೇ ಕಡೆ ಜಾಸ್ತಿ ಬೀಳಬಾರದು. ಆಮೇಲೆ ಒಬ್ಬ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಇನ್ನೊಬ್ಬ ಗುಡ್ಡೆ ಮುಟ್ಟಿ "ಇದು ಯಾರಿಗೆ?" ಅನ್ನುತ್ತಾನೆ, ಬೆನ್ನು ತಿರುಗಿಸಿದವನು ಹೆಸರು ಹೇಳುತ್ತಾನೆ. ಇಷ್ಟು ವರ್ಷದಲ್ಲಿ ತಕರಾರು ಬಂದಿದ್ದು ನಾನು ಕಂಡಿಲ್ಲ. ಕೈಗೆ ಕೆಲಸ ಇರಬೇಕು ಅಣ್ಣ, ಆಗ ಮಾತು ತಾನಾಗಿ ಬರುತ್ತೆ.

ಹುಣಸೆಮರದ ನೆರಳು:

ನೀವು ಬರೆದಿದ್ದು ಓದಿ ಸಂತೋಷ ಆಯ್ತು. ಆದರೆ ಒಂದು ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. "ಊರೆಲ್ಲ" ಅಂದಿರಿ. ನಮ್ಮೂರಲ್ಲೂ ಹಾಗೇ ಹೇಳುತ್ತಾರೆ. ನಮ್ಮಪ್ಪ ತಮಟೆ ಬಾರಿಸಿಕೊಂಡು ಬೀದಿ ಬೀದಿಗೆ ಹೋಗಿ "ಸಂಜೆ ಪಂಚಾಂಗ, ಎಲ್ಲರೂ ಬರಬೇಕು" ಅಂತ ಸಾರುತ್ತಿದ್ದರು. ಸಂಜೆ ತಾವು ಮಾತ್ರ ಕಟ್ಟೆಯಿಂದ ಐವತ್ತು ಹೆಜ್ಜೆ ಆಚೆ, ಹುಣಸೆಮರದ ಕೆಳಗೆ ನಿಂತು ಕೇಳುತ್ತಿದ್ದರು. ಗಾಳಿ ಈ ಕಡೆ ಬೀಸಿದರೆ ಕೇಳಿಸುತ್ತಿತ್ತು, ಇಲ್ಲದಿದ್ದರೆ ಇಲ್ಲ.

ನಮ್ಮ ತಾತನಿಗೆ ಯುಗಾದಿ ಅಂದರೆ ಜೀತದ ಲೆಕ್ಕ. ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಗೆ ವರ್ಷ, ಲೆಕ್ಕ ನೋಡಿದರೆ ಸಾಲ ಕರಗಿರುತ್ತಿರಲಿಲ್ಲ, ಮತ್ತೆ ಒಂದು ವರ್ಷ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಬಂದು, ಅದು ನಮ್ಮ ಕೇರಿಗೆ ಮುಟ್ಟುವವರೆಗೂ ಹೀಗೇ ನಡೆಯಿತು.

ನೀವು ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಿದ್ದೀರಿ. ಅದಕ್ಕೇ ಹೇಳುತ್ತಿರುವುದು, ಜಾಗ ಬದಲಾಯಿಸಿ. ಆ ಕಟ್ಟೆ ಹತ್ತೋಕೆ ನಮ್ಮಪ್ಪನಿಗೆ ಇವತ್ತಿಗೂ ಕಾಲು ಬರುವುದಿಲ್ಲ, ಯಾರೇ ಕರೆದರೂ.

ಶಿರಾ ಕಡೆಯವಳು:

ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಾನು ಇನ್ನೊಂದು ಸೇರಿಸುತ್ತೇನೆ. ಹೋದ ವರ್ಷ ಮಾರ್ಚ್ 30ಕ್ಕೆ ಯುಗಾದಿ, 31ಕ್ಕೆ ನಮ್ಮ ರಂಜಾನ್. ಯುಗಾದಿ ಸಂಜೆ ನಮ್ಮ ಬೀದಿಯಲ್ಲಿ ನಾವೂ ಮಾಳಿಗೆ ಮೇಲೆ, ಎದುರು ಮನೆ ಗೌರಮ್ಮಕ್ಕನ ಮನೆಯವರೂ ಮಾಳಿಗೆ ಮೇಲೆ. ಇಬ್ಬರೂ ಹುಡುಕುತ್ತಿದ್ದುದು ಒಂದೇ ಚಂದ್ರನನ್ನ. ಅವರ ಮೊಮ್ಮಗನಿಗೆ ಮೊದಲು ಕಾಣಿಸಿತು, "ಅಲ್ಲಿ, ತೆಂಗಿನ ಗರಿ ಪಕ್ಕ" ಅಂತ ನಮಗೇ ತೋರಿಸಿದ. ಅವರ ಮನೆ ಮಕ್ಕಳು ಹಿರಿಯರ ಕಾಲಿಗೆ ಬಿದ್ದರು, ನಾವು ದುವಾ ಮಾಡಿದೆವು.

2024ರಲ್ಲೂ ಹತ್ತಿರ ಹತ್ತಿರ ಬಂದಿತ್ತು, ಈ ಸಲವೂ ಹಾಗೇ. ಆದರೆ ಈ ವರ್ಷ ಅಧಿಕ ಜ್ಯೇಷ್ಠ ಬರುತ್ತೆ. ಅದರಿಂದ ಮುಂದಿನ ಯುಗಾದಿ ಏಪ್ರಿಲ್‌ಗೆ ಹೋಗುತ್ತೆ. ನಮ್ಮ ಲೆಕ್ಕದಲ್ಲಿ ಅಧಿಕ ಮಾಸ ಇಲ್ಲ, ರಂಜಾನ್ ಇನ್ನೂ ಹಿಂದೆ ಸರಿಯುತ್ತೆ. ಮತ್ತೆ ಇಬ್ಬರೂ ಒಂದೇ ಚಂದ್ರನಿಗೆ ಕಾಯೋಕೆ ಸುಮಾರು 30 ವರ್ಷ ಬೇಕು. ನಮ್ಮ ಅಮ್ಮಿ ಅಷ್ಟು ದಿನ ಇರುವುದಿಲ್ಲ, ಗೌರಮ್ಮಕ್ಕನೂ ಇರುವುದಿಲ್ಲ. ನೀವು ಕೂರುವುದಾದರೆ ಚಂದ್ರ ನೋಡುವ ಸಂಜೆ ಕೂರಿ. ನಿಮ್ಮೂರ ಸಾಬರ ಮನೆಗಳಿಗೂ ಹೇಳಿ, ಉಪವಾಸ ಬಿಡುವ ಹೊತ್ತೂ ಅದೇ.

ಗದಗ ಅಕ್ಕ:

ನಮ್ಮ ಕಡೆ ಬೇವು ತಿನ್ನುವುದಿಲ್ಲ, ಕುಡಿಯುತ್ತೇವೆ. ಹುಣಸೆ ನೀರು, ಬೆಲ್ಲ, ತುರಿದ ಮಾವಿನಕಾಯಿ, ಪುಟಾಣಿ (ಹುರಿಗಡಲೆ) ಹಿಟ್ಟು, ಮೇಲೆ ಬೇವಿನ ಹೂ. "ಬೇವು ಕುಡಿಯಾಕ ಬರ್ರಿ" ಅಂತ ಕರೆದರೆ ಜಗಳ ಆಡಿದವರೂ ಬರುತ್ತಾರೆ, ಬರದೇ ಇರುವುದು ತಪ್ಪು ಅಂತಲೇ ಲೆಕ್ಕ. ಹೊಸ ಗಡಿಗೆಯಲ್ಲಿ ಮಾಡಿ, ಎಲ್ಲರಿಗೂ ಒಂದೇ ಗಡಿಗೆಯಿಂದ ಕೊಡಿ.

ನಾಲೆ ಬದಿಯವ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಹುಣಸೆಮರದ ನೆರಳು ಅವರೇ, ನಿಮ್ಮ ಮಾತು ಓದಿ ಅಮ್ಮನನ್ನು ಕೇಳಿದೆ, ನಮ್ಮೂರಲ್ಲಿ ತಮಟೆಯವರು ಎಲ್ಲಿ ಕೂರುತ್ತಿದ್ದರು ಅಂತ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು "ಕೂರ್ತಿರಲಿಲ್ಲ ಕಣೋ" ಅಂದರು. ಅಷ್ಟು ವರ್ಷ ಅಲ್ಲೇ ಕೂತಿದ್ದೆ, ನಾನು ತಿರುಗಿ ನೋಡಿರಲಿಲ್ಲ.

ಕಟ್ಟೆ ಬೇಡ ಅಂತ ನಾಲ್ಕೂ ಜನ ಒಪ್ಪಿದೆವು. ಸಂತೆಮಾಳದಲ್ಲಿ ಮಾಡುತ್ತೇವೆ. ಅಲ್ಲಿ ಎಲ್ಲರೂ ವ್ಯಾಪಾರಕ್ಕೆ ಕೂತು ಅಭ್ಯಾಸ ಇದೆ, ಪಡುವಣಕ್ಕೆ ಬಯಲು, ಚಂದ್ರನೂ ಕಾಣುತ್ತಾನೆ. ಹಬ್ಬದ ಮರುದಿನ, ಶುಕ್ರವಾರ ಸಂಜೆ. ಬೆಂಗಳೂರಿನವರಿಗೆ ಭಾನುವಾರ ಹೊರಡಿ ಅಂತ ಈಗಲೇ ಫೋನ್ ಮಾಡುತ್ತಿದ್ದೇವೆ. ನಿನ್ನೆ ಕೇರಿಗೆ ಹೋಗಿ ಹಿರಿಯರ ಜೊತೆ ಮಾತಾಡಿ ಬಂದೆವು. ನೋಡೋಣ ಅಂದಿದ್ದಾರೆ, ಇನ್ನೊಂದು ಸಲ ಹೋಗುತ್ತೇವೆ. ಮಸೀದಿ ಹತ್ತಿರದವರು ಖರ್ಜೂರ ನಮ್ಮದು ಅಂದರು. ಟ್ರ್ಯಾಕ್ಟರ್ ಹುಡುಗನನ್ನು ಕೇಳಿದೆ, ಶಾಲೆಯಿಂದ ಜಮಖಾನೆ ಸಾಗಿಸೋಕೆ ಬರ್ತೀಯಾ ಅಂತ. ಬರ್ತೀನಿ ಅಂದ.

ಗದಗ ಅಕ್ಕ, 300 ಜನಕ್ಕೆ ಬೇವು ಮಾಡೋಕೆ ಬೆಲ್ಲ ಎಷ್ಟು ಬೇಕು?

ಗದಗ ಅಕ್ಕ:

ಸಣ್ಣ ಲೋಟ ಆದರೆ 30 ಲೀಟರ್ ಸಾಕು. ಬೆಲ್ಲ 6 ಕೆಜಿ ತನ್ನಿ, ಮಾವಿನಕಾಯಿ ಹುಳಿ ಜಾಸ್ತಿ ಇದ್ದರೆ ಇನ್ನೊಂದು ಕೆಜಿ. ಪುಟಾಣಿ ಹಿಟ್ಟು ಕೊನೆಗೆ ಹಾಕಿ, ಮೊದಲೇ ಹಾಕಿದರೆ ಗಂಟಾಗುತ್ತೆ. ಮತ್ತೆ ಬೇವಿನ ಹೂ ಹಿಂದಿನ ದಿನ ಕಿತ್ತಿಡಬೇಡಿ, ಅವತ್ತೇ ಕೀಳಿಸಿ, ಮಕ್ಕಳ ಕೈಲಿ.