ಕಚೇರಿಗೂ ತರಬೇತಿಗೂ ಒಂದೇ ರೋಡ್ ಬೈಕ್: ಪಂಕ್ಚರ್ ತಡೆಯುವ ಟೈರನ್ನು ಆರಿಸುವುದು ಹೇಗೆ?

ಪ್ರಶ್ನೆ:
ನಮಸ್ಕಾರ ಸರ್. ನಾನು ವಿಜಯಪುರದಲ್ಲಿ ಬ್ಯಾಂಕ್ ಉದ್ಯೋಗಿ. ಕೆಲಸದ ದಿನಗಳಲ್ಲಿ ಕಚೇರಿಗೆ ರೋಡ್ ಬೈಕಿನಲ್ಲಿಯೇ ಹೋಗಿಬರುತ್ತೇನೆ ಮತ್ತು ಭಾನುವಾರ ಸೊಲ್ಲಾಪುರ ಹೆದ್ದಾರಿಯಲ್ಲಿ ತರಬೇತಿಗಾಗಿ ದೂರದ ಸವಾರಿ ಮಾಡುತ್ತೇನೆ. ಸೈಕಲಿನಲ್ಲಿ ಈಗಿರುವುದು 25 ಮಿ.ಮೀ. ಅಗಲದ ಹಗುರವಾದ ರೇಸಿಂಗ್ ಟೈರುಗಳು. ಮೇಲಿಂದ ಮೇಲೆ ಪಂಕ್ಚರ್ ಆಗುತ್ತಿದ್ದು, ಬಹುತೇಕ ಎಲ್ಲವೂ ಹಿಂದಿನ ಚಕ್ರದಲ್ಲಿಯೇ ಆಗಿವೆ. ಕೆಲವು ಸಲ ಟ್ಯೂಬಿನಲ್ಲಿ ಸೂಜಿಮೊನೆಯಷ್ಟು ತೂತು ಕಾಣುತ್ತದೆ, ಕೆಲವು ಸಲ ಪಕ್ಕಪಕ್ಕದಲ್ಲಿ ಎರಡು ಸಣ್ಣ ಸೀಳುಗಳಿರುತ್ತವೆ. ನೆನಪಾದಾಗ 110 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬಿಸಿ, ಆಮೇಲೆ ಒಂದೆರಡು ವಾರ ಹಾಗೆಯೇ ಓಡಿಸುತ್ತೇನೆ. ನನ್ನ ತೂಕ 62 ಕೆ.ಜಿ. ಪಂಕ್ಚರ್ ಆಗದ, ಆದರೆ ತರಬೇತಿಯಲ್ಲಿ ವೇಗ ಕಳೆಯದ ಟೈರು ಯಾವುದು?

ಉತ್ತರ (ಸೈಕಲ್ ತಂತ್ರಜ್ಞ):
ಮೇಡಂ, ನೀವು ಹೇಳಿದ ಎರಡು ಬಗೆಯ ತೂತುಗಳಿಗೆ ಕಾರಣಗಳೂ ಬೇರೆ, ಪರಿಹಾರಗಳೂ ಬೇರೆ. ಇದನ್ನು ಮೊದಲು ವಿಂಗಡಿಸಿಕೊಳ್ಳದೆ ದುಬಾರಿ ಟೈರು ಕೊಂಡರೆ ಅರ್ಧ ತೊಂದರೆ ಹಾಗೆಯೇ ಉಳಿಯುತ್ತದೆ.

ಪಕ್ಕಪಕ್ಕದ ಎರಡು ಸೀಳುಗಳಿಗೆ ಮುಳ್ಳು ಕಾರಣವಲ್ಲ. ಗಾಳಿ ಇಳಿದ ಟೈರು ಗುಂಡಿಯ ಅಂಚಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಆ ಅಂಚಿಗೂ ನಡುವೆ ಸಿಕ್ಕಿ ಎರಡು ಕಡೆ ಕತ್ತರಿಸಿಹೋಗುತ್ತದೆ. ಬ್ಯುಟೈಲ್ ಎಂಬ ಸಾಮಾನ್ಯ ರಬ್ಬರಿನ ಟ್ಯೂಬಿನಿಂದಲೂ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಗಾಳಿ ಸೋರುತ್ತಲೇ ಇರುವುದರಿಂದ, 110ಕ್ಕೆ ತುಂಬಿಸಿದ್ದು ಎರಡು ವಾರದ ಹೊತ್ತಿಗೆ ಎಷ್ಟಕ್ಕೆ ಇಳಿದಿರುತ್ತದೆಂದು ಬೆರಳಿನಿಂದ ಒತ್ತಿ ನೋಡಿದರೆ ಗೊತ್ತಾಗುವುದಿಲ್ಲ. ಆದ್ದರಿಂದ ಮಾಪಕವಿರುವ ನೆಲಪಂಪೊಂದನ್ನು ಮನೆಯಲ್ಲಿಟ್ಟುಕೊಂಡು ವಾರಕ್ಕೆರಡು ಬಾರಿ ಗಾಳಿ ನೋಡಿಕೊಳ್ಳಿ. ಇದು ಟೈರಿಗಿಂತ ಮೊದಲು ಮಾಡಬೇಕಾದ ಖರ್ಚು. ರಸ್ತೆಬದಿಯ ಪಂಕ್ಚರ್ ಅಂಗಡಿಯ ಪಂಪು ನಿಮ್ಮ ಸಣ್ಣ ಪ್ರೆಸ್ಟಾ ವಾಲ್ವಿಗೆ ಕೂರುವುದೂ ಇಲ್ಲ, ಹಿತ್ತಾಳೆಯ ಅಡಾಪ್ಟರು ಬೇಕಾಗುತ್ತದೆ. ನಿಮ್ಮ ತೂಕಕ್ಕೆ 110 ಪಿಎಸ್‌ಐ ಅಗತ್ಯವೂ ಇಲ್ಲ. 25 ಮಿ.ಮೀ. ಟೈರಿಗೆ ಮುಂದೆ 75, ಹಿಂದೆ 80ರಿಂದ 85 ಸಾಕು.

ಇನ್ನು ಸೂಜಿಮೊನೆಯಂಥ ತೂತುಗಳ ವಿಚಾರ. ನಿಮ್ಮ ಕಡೆ ಇವಕ್ಕೆ ಮುಖ್ಯ ಕಾರಣಗಳು ಬಳ್ಳಾರಿ ಜಾಲಿಯ ಮುಳ್ಳು, ನೆಗ್ಗಿಲು ಮುಳ್ಳು ಹಾಗೂ ಸವೆದ ಲಾರಿ ಟೈರುಗಳಿಂದ ಉದುರುವ ಕೂದಲೆಳೆಯಂಥ ಉಕ್ಕಿನ ತಂತಿ. ಇವು ಹೆಚ್ಚಾಗಿ ಸೇರಿಕೊಳ್ಳುವುದು ರಸ್ತೆಯ ಅಂಚಿನಲ್ಲಿ, ಅಂದರೆ ಸೈಕಲ್ ಸವಾರರು ಓಡಿಸುವ ಜಾಗದಲ್ಲಿಯೇ. ಮುಂದಿನ ಚಕ್ರವು ಮಲಗಿದ್ದ ಮುಳ್ಳನ್ನು ಎಬ್ಬಿಸಿ ಹಿಂದಿನ ಚಕ್ರಕ್ಕೆ ಒಡ್ಡುತ್ತದೆ, ನಿಮ್ಮ ಭಾರವೂ ಹಿಂದೆಯೇ ಹೆಚ್ಚು. ಹಿಂದಿನ ಟೈರೇ ಏಕೆ ಎಂಬುದಕ್ಕೆ ಕಾರಣ ಇದು. ಈ ಬಗೆಯ ತೂತಿಗೆ ಮಾತ್ರ ಹೊರ ರಬ್ಬರಿನಡಿ ರಕ್ಷಣಾ ಪಟ್ಟಿಯಿರುವ ಟೈರು ನೆರವಾಗುತ್ತದೆ.

ಆಯ್ಕೆಯ ಎರಡು ತುದಿಗಳನ್ನು ನೋಡಿ. ಕಾಂಟಿನೆಂಟಲ್ ಗ್ರ್ಯಾನ್ ಪ್ರಿ 5000 ಟೈರು 25 ಮಿ.ಮೀ. ಅಳತೆಯಲ್ಲಿ ಸುಮಾರು 220 ಗ್ರಾಂ ತೂಗುತ್ತದೆ. ಅದರಲ್ಲಿ ವೆಕ್ಟ್ರಾನ್ ಎಂಬ ಗಟ್ಟಿ ನೂಲಿನ ತೆಳುವಾದ ಪಟ್ಟಿಯಿದೆ. ಶ್ವಾಲ್ಬೆ ಮ್ಯಾರಥಾನ್ ಪ್ಲಸ್‌ನಲ್ಲಿ 5 ಮಿ.ಮೀ. ದಪ್ಪದ ರಬ್ಬರ್ ಪದರವೇ ಇದೆ. ತಂತಿಯನ್ನೂ ಗಾಜನ್ನೂ ಅದು ಚೆನ್ನಾಗಿ ತಡೆಯುತ್ತದೆ, ಆದರೆ ತೂಕ ಅರ್ಧ ಕಿಲೋ ದಾಟುತ್ತದೆ ಮತ್ತು ಅದನ್ನು ಹಾಕಿಕೊಂಡು ತರಬೇತಿಗೆ ಹೊರಟವರು ಗುಂಪಿನ ಬಾಲದಲ್ಲಿಯೇ ಉಳಿಯುತ್ತಾರೆ. ಅಷ್ಟಾದರೂ ಜಾಲಿಯ ಉದ್ದ ಮುಳ್ಳು ನೇರವಾಗಿ ನಿಂತು ಚುಚ್ಚಿದರೆ ಅದೂ ಸೋಲಬಹುದು. ಪಂಕ್ಚರ್ ಆಗುವುದೇ ಇಲ್ಲವೆಂದು ಯಾವ ಗಾಳಿ ಟೈರಿನ ಬಗ್ಗೆಯೂ ನಾನು ಹೇಳಲಾರೆ.

ನಿಮ್ಮ ಬಳಕೆಗೆ ನನ್ನ ಸಲಹೆ ಈ ಎರಡರ ನಡುವಿನ ಟೈರು: ಕಾಂಟಿನೆಂಟಲ್ ಗ್ಯಾಟರ್‌ಸ್ಕಿನ್ ಅಥವಾ ಗ್ರ್ಯಾನ್ ಪ್ರಿ 4-ಸೀಸನ್, ಅದೂ 28 ಮಿ.ಮೀ. ಅಗಲದಲ್ಲಿ. ಎರಡರಲ್ಲೂ ಟೈರಿನ ಪಕ್ಕಗಳಿಗೆ ಡ್ಯುರಾಸ್ಕಿನ್ ಎಂಬ ನೇಯ್ಗೆಯ ಹೊದಿಕೆಯಿದೆ. ಗ್ಯಾಟರ್‌ಸ್ಕಿನ್ ಗಟ್ಟಿ ಮತ್ತು ಹೆಚ್ಚು ಕಾಲ ಬಾಳುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಅದರ ಹಿಡಿತ ನನಗೆ ಅಷ್ಟಾಗಿ ಹಿಡಿಸಿಲ್ಲ. ಮಳೆಯಲ್ಲಿಯೂ ಕಚೇರಿಗೆ ಹೋಗುವವರಾದರೆ 4-ಸೀಸನ್ ಕೊಳ್ಳಿ. 28 ಮಿ.ಮೀ. ಟೈರಿಗೆ ಮುಂದೆ 65, ಹಿಂದೆ 70 ಪಿಎಸ್‌ಐ ಇಟ್ಟರೂ ರಿಮ್ಮು ನೆಲಕ್ಕೆ ಬಡಿಯುವ ಭಯ ಕಡಿಮೆ. ಕೊಳ್ಳುವ ಮೊದಲು ಈಗಿನ ಟೈರಿನ ಸುತ್ತ ಫ್ರೇಮು, ಫೋರ್ಕು, ಬ್ರೇಕುಗಳಲ್ಲಿ ಎಷ್ಟು ಜಾಗವಿದೆಯೆಂದು ನೋಡಿ. ಹಳೆಯ ಕ್ಯಾಲಿಪರ್ ಬ್ರೇಕಿನ (ರಿಮ್ಮನ್ನು ಎರಡು ಬದಿಯಿಂದ ಹಿಡಿಯುವ ಬ್ರೇಕು) ಸೈಕಲುಗಳಲ್ಲಿ 28 ಹಿಡಿಸದೆ ಇರಬಹುದು, ಆಗ 25ರಲ್ಲಿಯೇ ತೃಪ್ತರಾಗಬೇಕು. ಈಗಿನ ರೇಸಿಂಗ್ ಟೈರುಗಳನ್ನು ಎಸೆಯಬೇಡಿ, ಸ್ಪರ್ಧೆಯ ದಿನಕ್ಕೆ ಎತ್ತಿಡಿ.

ಮರುಪ್ರಶ್ನೆ:
ಧನ್ಯವಾದಗಳು ಸರ್. ಟ್ಯೂಬ್‌ಲೆಸ್ ಮಾಡಿಸಿದರೆ ಈ ತಾಪತ್ರಯವೇ ಇರುವುದಿಲ್ಲವೆಂದು ಸ್ನೇಹಿತರು ಹೇಳುತ್ತಾರೆ. ಹೌದೇ?

ಉತ್ತರ:
ಮುಳ್ಳಿನ ಸಣ್ಣ ತೂತುಗಳ ಮಟ್ಟಿಗೆ ನಿಮ್ಮ ಸ್ನೇಹಿತರ ಮಾತು ನಿಜ. ಒಳಗಿನ ಸೀಲೆಂಟ್ ದ್ರವ ಅವನ್ನು ತಾನಾಗಿಯೇ ಮುಚ್ಚುತ್ತದೆ, ಟ್ಯೂಬೇ ಇಲ್ಲದ್ದರಿಂದ ಎರಡು ಸೀಳಿನ ಪಂಕ್ಚರೂ ಆಗುವುದಿಲ್ಲ. ಆದರೆ ಅದಕ್ಕೆ ತಕ್ಕ ರಿಮ್ಮೂ ಟೈರೂ ಬೇಕು, ಮತ್ತು ವಿಜಯಪುರದ ಬೇಸಿಗೆಯಲ್ಲಿ ಆ ದ್ರವ ಎರಡು ಮೂರು ತಿಂಗಳಿಗೆ ಒಣಗುತ್ತದೆ. ವಾರಕ್ಕೆರಡು ಬಾರಿ ಗಾಳಿ ನೋಡುವ ಅಭ್ಯಾಸ ಮೊದಲು ಕೂಡಿಬರಲಿ. ಅಲ್ಲಿಯವರೆಗೆ ನಾನದನ್ನು ಸೂಚಿಸುವುದಿಲ್ಲ.

ಮತ್ತೊಬ್ಬ ಸದಸ್ಯರ ಪ್ರಶ್ನೆ:
ನಾನು ಪ್ಯಾಚ್ ಹಾಕಿದ ಮರುದಿನವೇ ಅದೇ ಜಾಗದಲ್ಲಿ ಮತ್ತೆ ಪಂಕ್ಚರ್ ಆಗುತ್ತದೆ. ಟೈರು ಹಾಳಾಗಿದೆಯೇ?

ಉತ್ತರ:
ಹೆಚ್ಚಾಗಿ ತಂತಿಯ ತುಂಡು ಇನ್ನೂ ಟೈರಿನಲ್ಲಿಯೇ ಇರುತ್ತದೆ. ಟೈರು ಹಾಕುವಾಗ ಅದರ ಮೇಲಿನ ಹೆಸರು ಯಾವಾಗಲೂ ವಾಲ್ವಿನ ನೇರಕ್ಕೆ ಬರುವಂತೆ ಕೂರಿಸಿ. ಆಗ ಟ್ಯೂಬಿನ ತೂತು ವಾಲ್ವಿನಿಂದ ಎಷ್ಟು ದೂರವಿದೆಯೋ ಟೈರಿನಲ್ಲಿಯೂ ಅಷ್ಟೇ ದೂರದಲ್ಲಿ ಹುಡುಕಿದರೆ ಸಾಕು. ಒಳಮೈಯನ್ನು ಬರಿಗೈಯಲ್ಲಿ ಸವರಬೇಡಿ, ಹತ್ತಿಯ ಉಂಡೆಯಿಂದ ಒರೆಸಿ. ಎಳೆ ಸಿಕ್ಕಿಕೊಂಡ ಕಡೆ ತಂತಿಯಿದೆ. ಅದನ್ನು ಚಿಮುಟದಿಂದ ಹೊರಗೆಳೆಯಿರಿ. ತೂತು ಟ್ಯೂಬಿನ ಒಳಬದಿಯಲ್ಲಿ, ಅಂದರೆ ರಿಮ್ಮಿನ ಕಡೆ ಇದ್ದರೆ ಮಾತ್ರ ಟೈರನ್ನು ಬಿಟ್ಟು, ರಿಮ್ಮಿನಲ್ಲಿರುವ ಕಡ್ಡಿಗಳ ರಂಧ್ರಗಳನ್ನು ಮುಚ್ಚುವ ರಿಮ್ ಟೇಪನ್ನು ನೋಡಿ. ಅದು ಸರಿದಿದ್ದರೆ ಕಡ್ಡಿಯ ರಂಧ್ರದ ಅಂಚೇ ಟ್ಯೂಬನ್ನು ಕೊಯ್ಯುತ್ತಿರುತ್ತದೆ.