ಸಹಾಯ ಬೇಕು: ಅಮ್ಮನನ್ನು ಅತ್ತೂರು ಜಾತ್ರೆಗೆ ಕರೆದುಕೊಂಡು ಹೋಗಬೇಕು

ಎಲ್ಲರಿಗೂ ನಮಸ್ಕಾರ. ಕಾರ್ಕಳದ ಕಡೆಯವರು ಯಾರಾದರೂ ಇದ್ದೀರಾ?

ಜನವರಿಯಲ್ಲಿ ಅತ್ತೂರಿನ ಸಂತ ಲಾರೆನ್ಸ್ ಬಸಿಲಿಕಾದ (ಪೋಪರಿಂದ ವಿಶೇಷ ಪದವಿ ಪಡೆದ ಚರ್ಚ್) ಜಾತ್ರೆಗೆ ಅಮ್ಮನನ್ನು ಕರೆದುಕೊಂಡು ಹೋಗಬೇಕು. ನಾವು ಕ್ರೈಸ್ತರಲ್ಲ. ಆದರೆ ಅಲ್ಲಿಗೆ ಎಲ್ಲ ಜಾತಿ ಧರ್ಮದವರೂ ಬರುತ್ತಾರೆ ಅಲ್ವಾ, ಅಮ್ಮನೂ ಮದುವೆಗೆ ಮುಂಚೆ ಪ್ರತಿ ವರ್ಷ ಹೋಗುತ್ತಿದ್ದರಂತೆ. ನನ್ನ ಆಪರೇಷನ್ ಸಮಯದಲ್ಲಿ ಮೊಂಬತ್ತಿ ಹಚ್ಚುತ್ತೇನೆಂದು ಹೇಳಿಕೊಂಡಿದ್ದರು. ಅದು ಬಾಕಿ ಉಳಿದಿದೆ. 2016ರಲ್ಲಿ ಬಸಿಲಿಕಾ ಆಗಿದ್ದು ಅವರಿಗೆ ಗೊತ್ತೇ ಇಲ್ಲ, ಈಗಲೂ ಬಾಯಲ್ಲಿ "ಅತ್ತೂರು ಇಗರ್ಜಿ" (ಅಂದರೆ ಚರ್ಚ್) ಅಂತಲೇ!

ತೊಂದರೆ ಏನಂದ್ರೆ ಅಮ್ಮನಿಗೆ ಈಗ 74. ಮಂಡಿ ನೋವು ಜಾಸ್ತಿ. ಹತ್ತು ಹೆಜ್ಜೆ ನಡೆದರೆ ಕೋಲಿನ ಮೇಲೆ ಭಾರ ಬಿಟ್ಟು ನಿಂತುಬಿಡುತ್ತಾರೆ. ಜಾತ್ರೆ ದಿನ ಕಾರನ್ನು ಎಲ್ಲಿವರೆಗೆ ಬಿಡುತ್ತಾರೆ? ವೀಲ್‌ಚೇರ್ ಸಿಗುತ್ತದಾ, ನಾವೇ ತರಬೇಕಾ? ಲಾರೆನ್ಸರ ಮರದ ಪ್ರತಿಮೆ ಹತ್ತಿರ ಹೋಗುವ ಸಾಲಿನಲ್ಲಿ ವಯಸ್ಸಾದವರಿಗೆ ಬೇರೆ ದಾರಿ ಇದೆಯಾ? ಕನ್ನಡ ಪೂಜೆ ಯಾವ ಹೊತ್ತಿಗೆ ಅಂತಲೂ ತಿಳಿಸಿ, ಅಮ್ಮನಿಗೆ ಕೊಂಕಣಿ ಬರೋದಿಲ್ಲ.

"ಜಾತ್ರೆ ಮುಗಿದ ಮೇಲೆ ಆರಾಮಾಗಿ ಹೋಗಿ" ಅಂತ ದಯವಿಟ್ಟು ಹೇಳಬೇಡಿ. ನಾನೂ ಹೇಳಿ ನೋಡಿದೆ. ಸಂತೆ ಇಲ್ಲದ ಅತ್ತೂರು ಅವರಿಗೆ ಬೇಡವಂತೆ.